ಕಗ್ಗಲಡು ಕೊಕ್ಕರೆ ಮತ್ತು ಒಂದು ಕರೆಂಟ್ ವೈರ್

ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋದವರಿಗೆ ಗೊತ್ತಿರುತ್ತದೆ. ಅಲ್ಲಿ ಬಣ್ಣದ ಕೊಕ್ಕರೆಗಳು ಊರಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಕೆಳಗೆ ಜನ ಅವರ ಪಾಡಿಗೆ ಅವರು ಓಡಾಡುತ್ತಿರುತ್ತಾರೆ, ಮೇಲೆ ಮರಿಗಳು ಬಾಯಿ ತೆರೆದು ಕೂತಿರುತ್ತವೆ. ಒಂದು ಮಾರ್ಚ್ ಬೆಳಿಗ್ಗೆ ಅಲ್ಲಿ ನನಗೆ ಒಳ್ಳೆಯ ಫೋಟೋ ಸಿಕ್ಕಿತು. ಕೊಕ್ಕರೆ ಕೊಕ್ಕಿನಲ್ಲಿ ಕಡ್ಡಿ ಹಿಡಿದು ಗೂಡಿಗೆ ಇಳಿಯುತ್ತಿದೆ, ರೆಕ್ಕೆ ಪೂರ್ತಿ ಬಿಚ್ಚಿದೆ, ಬೆಳಕು ಪಕ್ಕದಿಂದ ಬಿದ್ದಿದೆ. ಆದರೆ ರೆಕ್ಕೆಯ ಹಿಂದೆ ಅಡ್ಡಕ್ಕೆ ಒಂದು ಕರೆಂಟ್ ವೈರ್.

ತುಮಕೂರಿನಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ. ಮದುಮಗಳ ಮೊಡವೆ, ಹಿಂದೆ ಕಾಣುವ ಪ್ಲಾಸ್ಟಿಕ್ ಕುರ್ಚಿ, ಶಾಮಿಯಾನದ ಹಗ್ಗ, ಎಲ್ಲವನ್ನೂ ದಿನವಿಡೀ ಅಳಿಸುತ್ತಲೇ ಇರುತ್ತೇನೆ. ಗಿರಾಕಿ ಕೇಳುವುದೇ ಅದನ್ನು. ಹಾಗಾಗಿ ಆ ವೈರ್ ಅಳಿಸುವಾಗ ನಾನು ಯೋಚನೆಯನ್ನೇ ಮಾಡಲಿಲ್ಲ. ಫೋಟೋಶಾಪಿನ ಹೀಲಿಂಗ್ ಬ್ರಷ್ ತಗೊಂಡೆ, ಪಕ್ಕದ ಭಾಗವನ್ನೇ ನಕಲು ಮಾಡಿ ವೈರ್ ಮೇಲೆ ಕೂರಿಸಿದೆ (ಕ್ಲೋನ್ ಅನ್ನುತ್ತೇವೆ), ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಒಂದು ಸ್ಪರ್ಧೆಯ ನೇಚರ್ ವಿಭಾಗಕ್ಕೆ ಕಳಿಸಿಬಿಟ್ಟೆ.

ಕೆಲವು ವಾರ ಕಳೆದ ಮೇಲೆ ಮೇಲ್ ಬಂತು. ಫೋಟೋ ಕೊನೆಯ ಸುತ್ತಿಗೆ ಬಂದಿದೆ, ರಾ ಫೈಲ್ ಕಳಿಸಿ ಅಂತ. ರಾ ಫೈಲ್ ಅಂದರೆ ಕ್ಯಾಮೆರಾ ಸೆರೆಹಿಡಿದ, ಎಡಿಟ್ ಮಾಡದ ಮೂಲ ಫೈಲ್. ಖುಷಿಯಿಂದ ಕಳಿಸಿದೆ. ಎಂಟ್ರಿ ರದ್ದಾಯಿತು. ಆಮೇಲೆ ನಾನೇ ಫೋಟೋವನ್ನು ಪೂರ್ತಿ ದೊಡ್ಡದು ಮಾಡಿ ನೋಡಿದೆ. ವೈರ್ ಇದ್ದ ಜಾಗದಲ್ಲಿ ಹುಣಸೆಯ ಒಂದೇ ಕಡ್ಡಿ, ಅದೇ ಎಲೆ, ಅದೇ ಬಾಗು, ಎರಡು ಸಲ ಕೂತಿತ್ತು. ರಾ ಫೈಲ್ ಇಲ್ಲದಿದ್ದರೂ ಪಳಗಿದ ಕಣ್ಣಿಗೆ ಅದು ಸಿಕ್ಕಿಬೀಳುತ್ತಿತ್ತು.

ಎರಡು ದಿನ ಊಟ ಸೇರಲಿಲ್ಲ. ಹಕ್ಕಿ ನಿಜ, ಬೆಳಕು ನಿಜ, ಬರೀ ಒಂದು ವೈರ್ ತೆಗೆದಿದ್ದಕ್ಕೆ ಇಷ್ಟಾ ಅನ್ನಿಸಿತು. ಆಮೇಲೆ ನಿಯಮಗಳನ್ನು ಕೂತು ಸರಿಯಾಗಿ ಓದಿದೆ. ಈ ಕೆಲಸ ಮೊದಲೇ ಮಾಡಬೇಕಿತ್ತು.

ನೇಚರ್ ವಿಭಾಗಕ್ಕೆ ಫಿಯಾಪ್ (ಫೋಟೋಗ್ರಫಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ), ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ ಮತ್ತು ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಒಪ್ಪಿಕೊಂಡ ಒಂದೇ ವ್ಯಾಖ್ಯೆ ಇದೆ. ಅದರ ತಿರುಳು ಇಷ್ಟು: ಫೋಟೋಗೆ ಏನನ್ನೂ ಸೇರಿಸಬಾರದು, ಅದರಿಂದ ಏನನ್ನೂ ತೆಗೆಯಬಾರದು, ಇದ್ದ ಜಾಗದಿಂದ ಸರಿಸಬಾರದು. ಕ್ರಾಪ್ ಮಾಡಬಹುದು, ಅಂದರೆ ಅಂಚು ಕತ್ತರಿಸಬಹುದು. ಬೆಳಕು ಸರಿ ಮಾಡಬಹುದು, ನಾಯ್ಸ್ (ಕಾಳುಕಾಳಾಗಿ ಕಾಣುವ ಚುಕ್ಕೆಗಳು) ತೆಗೆಯಬಹುದು, ಶಾರ್ಪ್ ಮಾಡಬಹುದು, ಸೆನ್ಸಾರ್ ಮೇಲಿನ ದೂಳಿನ ಚುಕ್ಕೆ ಅಳಿಸಬಹುದು, ಕಪ್ಪು ಬಿಳುಪು ಮಾಡಬಹುದು. ದೂಳಿನ ಚುಕ್ಕೆ ಕ್ಯಾಮೆರಾದ್ದು. ವೈರ್ ಕಗ್ಗಲಡುವಿನದು.

ನನಗೆ ಜಾಸ್ತಿ ನಾಟಿದ್ದು ಅದೇ ವ್ಯಾಖ್ಯೆಯ ಇನ್ನೊಂದು ಸಾಲು. ಮನುಷ್ಯ ಮಾಡಿದ ವಸ್ತುಗಳು ಕಾಣಬಾರದು, ಆದರೆ ನಮ್ಮ ನಡುವೆ ಬದುಕಲು ಒಗ್ಗಿಕೊಂಡ ಜೀವಿಗಳ ಕಥೆಗೆ ಅವು ಬೇಕೇ ಬೇಕಾದರೆ ಇರಬಹುದು ಅಂತ ಅದು ಹೇಳುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆಯಲ್ಲಿ ಕೊಕ್ಕರೆಯ ಹೆಸರೇ ಇದೆ! ಊರೊಳಗೆ ಗೂಡು ಕಟ್ಟುವ ಹಕ್ಕಿಯ ಫೋಟೋದಿಂದ ನಾನು ಊರನ್ನೇ ಅಳಿಸಿದ್ದೆ.

ಕ್ರಾಪ್ ಬಗ್ಗೆ ನಮ್ಮ ಫೋಟೋಗ್ರಫಿ ಕ್ಲಬ್‌ನಲ್ಲಿ ಈಗಲೂ ವಾದ ಆಗುತ್ತದೆ. ವೈರ್ ಅಳಿಸಿದರೆ ತಪ್ಪು, ಅಂಚಿನಲ್ಲಿದ್ದ ವೈರನ್ನು ಕತ್ತರಿಸಿದರೆ ಸರಿ, ಇದು ಯಾವ ನ್ಯಾಯ ಅಂತ ಹುಡುಗರು ಕೇಳುತ್ತಾರೆ. ನಾನು 2010ರ ವರ್ಲ್ಡ್ ಪ್ರೆಸ್ ಫೋಟೋ ಎಂಬ ಸುದ್ದಿ ಫೋಟೋ ಸ್ಪರ್ಧೆಯ ಸಂಗತಿ ಹೇಳುತ್ತೇನೆ. ಫೋಟೋಗ್ರಾಫರ್ ಸ್ಟೆಪಾನ್ ರೂಡಿಕ್ ಅವರ ಫೋಟೋದಲ್ಲಿ ಒಂದು ಕೈಗೆ ಬ್ಯಾಂಡೇಜ್ ಸುತ್ತುತ್ತಿದ್ದಾರೆ. ದೊಡ್ಡ ಫ್ರೇಮಿನಿಂದ ಚಿಕ್ಕ ಭಾಗ ಕ್ರಾಪ್ ಮಾಡಿದ್ದರು, ಕಪ್ಪು ಬಿಳುಪು ಮಾಡಿದ್ದರು. ಅವರ ಬಹುಮಾನ ಹೋಗಿದ್ದು ಅದಕ್ಕಲ್ಲ. ಹಿಂದೆ ಕಾಣುತ್ತಿದ್ದ ಬೇರೆಯವರ ಪಾದದ ಚೂರನ್ನು ಅಳಿಸಿದ್ದಕ್ಕೆ. ಎಲ್ಲಿ ನಿಂತು ಎಷ್ಟು ತೋರಿಸಬೇಕು ಅನ್ನುವುದು ಫೋಟೋಗ್ರಾಫರ್‌ಗೆ ಬಿಟ್ಟಿದ್ದು. ಆದರೆ ತೋರಿಸಿದ ಚೌಕಟ್ಟಿನೊಳಗೆ ಇದ್ದದ್ದು ಇರಲೇಬೇಕು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ.

ಬಣ್ಣದ ವಿಷಯ ಇದಕ್ಕಿಂತ ಕಷ್ಟ, ಯಾಕೆಂದರೆ ಅಲ್ಲಿ ಗೆರೆ ಇಲ್ಲ. ಬಣ್ಣದ ಕೊಕ್ಕರೆಯ ಬಾಲದ ಕಡೆಯ ಗರಿಗಳು ತಿಳಿ ಗುಲಾಬಿ, ನಮ್ಮ ಕಣಗಿಲೆ ಹೂವಿನ ಹಾಗೆ. ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಸ್ಲೈಡರ್ ಸ್ವಲ್ಪ ಎಳೆದರೆ ಸಾಕು, ದಾಸವಾಳ ಆಗಿಬಿಡುತ್ತದೆ. ಒಂದು ಗಂಟೆ ಸ್ಕ್ರೀನ್ ನೋಡುತ್ತಾ ಕೂತರೆ ಆ ದಾಸವಾಳವೇ ಸರಿ ಅನ್ನಿಸತೊಡಗುತ್ತದೆ. ಅದಕ್ಕೇ ನಾನು ರಾತ್ರಿ ಎಡಿಟ್ ಮಾಡಿ, ಬೆಳಿಗ್ಗೆ ಎದ್ದು ಮೂಲ ಫೋಟೋ ಪಕ್ಕದಲ್ಲಿಟ್ಟು ನೋಡುತ್ತೇನೆ. ಹೆಚ್ಚಿನ ಸಲ ಸ್ಲೈಡರ್ ಅರ್ಧಕ್ಕೆ ಇಳಿಯುತ್ತದೆ.

ಓಪನ್ ಕಲರ್ ವಿಭಾಗದಲ್ಲಿ ಈ ಕಟ್ಟು ಇಲ್ಲ, ವೈರ್ ತೆಗೆಯಬಹುದು, ಎರಡು ಫೋಟೋ ಸೇರಿಸಬಹುದು. ಆದರೆ ಸೇರಿಸುವ ಪ್ರತಿ ಚೂರೂ ನಾವೇ ತೆಗೆದ ಫೋಟೋ ಆಗಿರಬೇಕು. ಫೋಟೋಶಾಪ್ ಕೊಡುವ ರೆಡಿ ಆಕಾಶವನ್ನು ಮದುವೆ ಆಲ್ಬಮ್‌ಗೆ ಹಾಕುತ್ತೇನೆ, ಸ್ಪರ್ಧೆಗೆ ಹಾಕುವುದಿಲ್ಲ. ಖಾಲಿ ಜಾಗವನ್ನು ಎಐ ತಾನೇ ಬರೆದು ತುಂಬಿದರೆ ಅದೂ ನಮ್ಮ ಫೋಟೋ ಅಲ್ಲ.

ಮುಂದಿನ ವರ್ಷ ಅದೇ ಕೊಕ್ಕರೆಯನ್ನು ವೈರ್ ಸಮೇತ ಬೇರೆ ಸ್ಪರ್ಧೆಗೆ ಕಳಿಸಿದೆ. ಪದಕ ಬರಲಿಲ್ಲ, ಅಕ್ಸೆಪ್ಟೆನ್ಸ್ ಬಂತು, ಅಂದರೆ ಫೋಟೋ ಆಯ್ಕೆಯಾಯಿತು. ಪ್ರಿಂಟ್ ಹಾಕಿಸಿ ಸ್ಟುಡಿಯೋ ಗೋಡೆಗೆ ತೂಗುಹಾಕಿದ್ದೇನೆ.

ಇನ್ನೊಂದು ಮಾತು, ರಾ ಫೈಲ್ ಬಗ್ಗೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಧಾಮದಲ್ಲಿ ನನ್ನ ಗೆಳೆಯ ಒಬ್ಬ ಗಂಡು ಜಿಂಕೆಯ ಜಿಗಿತ ಹಿಡಿದ. ನಾಲ್ಕೂ ಕಾಲು ನೆಲದಿಂದ ಮೇಲೆ, ಹಿಂದೆ ಒಣ ಹುಲ್ಲು. ಮಾರನೇ ದಿನ ಮದುವೆ ಆರ್ಡರ್ ಇತ್ತು, ಜೆಪೆಗ್ (ಚಿಕ್ಕದಾಗಿ ಉಳಿಸಿದ ಮಾಮೂಲಿ ಫೋಟೋ ಫೈಲ್) ಮಾತ್ರ ಉಳಿಸಿಕೊಂಡು ಕಾರ್ಡ್ ಫಾರ್ಮ್ಯಾಟ್ ಮಾಡಿದ. ಸ್ಪರ್ಧೆಯವರು ರಾ ಕೇಳಿದಾಗ ಕೊಡಲು ಏನೂ ಇರಲಿಲ್ಲ. ಆ ಫೋಟೋದಲ್ಲಿ ಅವನು ಒಂದು ಹುಲ್ಲುಕಡ್ಡಿಯನ್ನೂ ಮುಟ್ಟಿರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಈಗ ನಾವಿಬ್ಬರೂ ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಕಾರ್ಡನ್ನು ಎರಡು ಹಾರ್ಡ್ ಡಿಸ್ಕ್‌ಗೆ ಇಳಿಸುತ್ತೇವೆ, ಊರು ಮತ್ತು ತಾರೀಖು ಬರೆದಿಡುತ್ತೇವೆ.