ಲಂಗರು ಹಾಕಿ ಮಲಗುವ ಮುಂಚೆ: ಫ್ಲೋರಿಡಾ ಕೀಸ್‌ನ ರಾತ್ರಿಗಳಲ್ಲಿ ನನ್ನ ಅನುಭವ

ರಾತ್ರಿ ಒಂದೂ ಮುಕ್ಕಾಲಿಗೆ ನಾನು ಹಾಸಿಗೆಯಿಂದ ಉರುಳಿ ಕೆಳಗೆ ಬಿದ್ದೆ. ದೋಣಿ ಹೊಯ್ದಾಡುತ್ತಿತ್ತು. ಮೇಲೆ ಓಡಿ ಟಾರ್ಚ್ ಬಿಟ್ಟು ನೋಡಿದರೆ, ಸಂಜೆ ನಮ್ಮಿಂದ ದೂರದಲ್ಲಿದ್ದ ಮ್ಯಾಂಗ್ರೋವ್ ಗಿಡಗಳು ಈಗ ಸಾಕಷ್ಟು ಹತ್ತಿರ ಬಂದಿದ್ದವು. ಗಿಡಗಳು ನಡೆಯುವುದಿಲ್ಲ, ಅಲ್ವಾ? ಲಂಗರು ಜಾರಿತ್ತು.

ಅದು ಅಮೆರಿಕದ ಫ್ಲೋರಿಡಾದ ತೆಂಕಣ ತುದಿಯ ದ್ವೀಪಗಳ ಸಾಲಾದ ಕೀಸ್‌ನಲ್ಲಿ, ಕೀ ಲಾರ್ಗೋ ದ್ವೀಪದ ಪಕ್ಕದ ರಾಡ್ರಿಗಸ್ ಕೀ. ಜನವಾಸವಿಲ್ಲದ ಪುಟ್ಟ ದ್ವೀಪ. ಸಂಜೆ ತೆಂಕಣದಿಂದ ಬೀಸುವ ಗಾಳಿ ಇತ್ತು, ಹಾಗಾಗಿ ದ್ವೀಪದ ಮರೆ ಸಿಗಲಿ ಅಂತ ಬಡಗಣ ಬದಿಗೆ ನಿಂತಿದ್ದೆವು. ಹವಾಮಾನ ರೇಡಿಯೊ ಹೇಳಿದ್ದೂ ಅದನ್ನೇ: ತೆಂಕಣ ಗಾಳಿ, 10 ನಾಟ್ (ಗಂಟೆಗೆ ಸುಮಾರು 18 ಕಿಲೋಮೀಟರ್). ನಾನು ಅಷ್ಟು ಕೇಳಿ ರೇಡಿಯೊ ಆರಿಸಿದ್ದೆ. ಅದೇ ವಾಕ್ಯದ ಉಳಿದ ಭಾಗದಲ್ಲಿ ನಡುರಾತ್ರಿಯ ನಂತರ ಗಾಳಿ ತಿರುಗಿ ಉತ್ತರದಿಂದ, ಆಮೇಲೆ ಈಶಾನ್ಯದಿಂದ ಬೀಸಿ 20 ನಾಟ್ ಆಗುತ್ತದೆ ಅಂತಿತ್ತು. ಮುನ್ಸೂಚನೆ ಸರಿಯಾಗೇ ಇತ್ತು, ಕೇಳಿದ್ದು ಅರ್ಧ. ಎಂಜಿನ್ ಹಚ್ಚಿ, ಲಂಗರು ಎತ್ತಿ, ಕತ್ತಲಲ್ಲಿ ದ್ವೀಪದ ಆಚೆ ಬದಿಗೆ ಹೋಗುವಷ್ಟರಲ್ಲಿ ನಾಲ್ಕು ಗಂಟೆ. ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಆ ಚಳಿಗಾಲದ ನಂತರ ನನಗೆ ಒಂದು ರೂಢಿ ಬಂತು. ಈಗಿನ ಗಾಳಿ ಎಷ್ಟು ಅಂತ ನೋಡುವುದು ಕೊನೆಗೆ. ಮೊದಲು ನೋಡುವುದು ಅದು ಯಾವಾಗ ತಿರುಗುತ್ತದೆ ಅಂತ. ಚಳಿಗಾಲದಲ್ಲಿ ಕೋಲ್ಡ್ ಫ್ರಂಟ್, ಅಂದರೆ ಮುನ್ನುಗ್ಗಿ ಬರುವ ತಂಪು ಗಾಳಿಯ ಅಂಚು, ಬರುವಾಗ ಗಾಳಿ ಬೀಸಿ ಬರುವ ದಿಕ್ಕು ಗಡಿಯಾರದ ಮುಳ್ಳಿನ ಹಾಗೇ ತಿರುಗುತ್ತದೆ: ಆಗ್ನೇಯ, ದಕ್ಷಿಣ, ನೈಋತ್ಯ, ವಾಯವ್ಯ, ಉತ್ತರ, ಈಶಾನ್ಯ. ರಾತ್ರಿ ಒಂಬತ್ತಕ್ಕೆ ಗಾಳಿ ನೈಋತ್ಯಕ್ಕೆ ಬಂದಿದ್ದರೆ ಫ್ರಂಟ್ ದೂರ ಇಲ್ಲ ಅಂತ ಅರ್ಥ. ಉತ್ತರದ ಊರುಗಳಲ್ಲಿ ಗಾಳಿ ಆಗಲೇ ತಿರುಗಿದೆಯಾ ಅಂತ ಫೋನಲ್ಲಿ ನೋಡುತ್ತೇನೆ. ಮಯಾಮಿಯಲ್ಲಿ ತಿರುಗಿದ್ದರೆ ನಮ್ಮ ಸರದಿ ಹತ್ತಿರ.

ಫ್ರಂಟ್ ಬಂದರೂ ಇಲ್ಲಿ ಚಳಿ ಅಷ್ಟೇನಿಲ್ಲ. ದ್ವೀಪಗಳ ಸಾಲಿನ ಪಡುವಣ ತುದಿಯ ಊರು ಕೀ ವೆಸ್ಟ್‌ನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 5 ಡಿಗ್ರಿ ಸೆಲ್ಸಿಯಸ್. 1886ರ ಜನವರಿಯಲ್ಲಿ ಒಮ್ಮೆ, 1981ರ ಜನವರಿಯಲ್ಲಿ ಇನ್ನೊಮ್ಮೆ. ಸುತ್ತ ಬೆಚ್ಚಗಿನ ನೀರು, ಅದೇ ಕಾರಣ.

ಫ್ರಂಟ್ ಇಲ್ಲದ ದಿನಗಳದ್ದು ಬೇರೆಯೇ ಲೆಕ್ಕ. ದೊಡ್ಡ ನೆಲದ ಮೇಲೆ ಸಂಜೆಯಾದರೆ ಗಾಳಿಯ ಜೋರು ಇಳಿಯುತ್ತದೆ. ಕೀಸ್‌ನಲ್ಲಿ ಎಷ್ಟೋ ಸಲ ಉಲ್ಟಾ. ಹಗಲು ಫ್ಲೋರಿಡಾದ ನೆಲ ಕಾದು ಅಲ್ಲಿ ಒತ್ತಡ ಇಳಿಯುತ್ತದೆ, ನಮ್ಮ ಮೇಲಿನ ಮೂಡಣ ಗಾಳಿ ಸಡಿಲವಾಗುತ್ತದೆ. ಕತ್ತಲಾದ ಮೇಲೆ ನೆಲ ತಣಿಯುತ್ತದೆ, ಗಾಳಿ ಮತ್ತೆ ಬಿಗಿಯಾಗುತ್ತದೆ. ಮಧ್ಯಾಹ್ನ ಮೂರಕ್ಕೆ ಹಾಯಿ ಜೋತು ಬಿದ್ದಿರುತ್ತದೆ. ರಾತ್ರಿ ಹತ್ತಕ್ಕೆ ಹಗ್ಗಗಳು ಕಂಬಕ್ಕೆ ಟಪಟಪ ಬಡಿಯುತ್ತಿರುತ್ತವೆ. ಹಾಗಾಗಿ ಮಧ್ಯಾಹ್ನದ ಶಾಂತಿ ನೋಡಿ ಲಂಗರಿನ ಸರಪಳಿ ಕಡಿಮೆ ಬಿಡುವುದು ಹೊಸಬರು ಮಾಡುವ ತಪ್ಪು. ನಾನೂ ಮಾಡಿದ್ದೇನೆ, ಸದ್ಯ ಏನೂ ಆಗಲಿಲ್ಲ.

ಇನ್ನು ಮಳೆ. "30 ಪರ್ಸೆಂಟ್" ಅಂದರೆ ಸುಮ್ನೆ ಹನಿ ಬೀಳುತ್ತದೆ ಅಂದುಕೊಂಡಿದ್ದೆ. ಅದು ಮಳೆಯ ಜೋರಿನ ಲೆಕ್ಕವೇ ಅಲ್ಲ, ನಾನು ನಿಂತ ಜಾಗದಲ್ಲಿ ಮಳೆ ಬೀಳುವ ಸಾಧ್ಯತೆ. ಹೆದ್ದಾರಿಯಲ್ಲಿ ಅಳೆದರೆ ಈ ದ್ವೀಪಗಳ ಸಾಲು ಸುಮಾರು 180 ಕಿಲೋಮೀಟರ್. ಸಾಲಿನ ನಡುವಿನ ಮ್ಯಾರಥಾನ್ ಊರಿನಲ್ಲಿ ನಕ್ಷತ್ರ ಕಾಣುತ್ತಿರುವಾಗಲೇ ಕೀ ವೆಸ್ಟ್‌ನ ಬೀದಿಯಲ್ಲಿ ನೀರು ಹರಿಯುತ್ತಿರಬಹುದು. ಹಾಗಾಗಿ ಮಲಗುವ ಮುಂಚೆ ರೇಡಾರ್ ನೋಡಲೇಬೇಕು. ಬೇಸಿಗೆಯಲ್ಲಿ ನಾನು ಹುಡುಕುವುದು ಮಳೆಯ ಗುಂಪನ್ನಲ್ಲ, ದಕ್ಷಿಣದಲ್ಲಿ ಬಿಲ್ಲಿನ ಹಾಗೆ ಬಾಗಿದ ಒಂದು ಸಣ್ಣ ಗೆರೆಯನ್ನು. ಕ್ಯೂಬಾ ಕೀ ವೆಸ್ಟ್‌ನಿಂದ ಸುಮಾರು 145 ಕಿಲೋಮೀಟರ್ ದೂರ. ಸಂಜೆ ಅಲ್ಲಿನ ಗುಡುಗು ಮಳೆ ಸತ್ತುಹೋಗುತ್ತದೆ, ಆದರೆ ಅದು ಉಗುಳಿದ ತಣ್ಣನೆ ಗಾಳಿ ಸಮುದ್ರದ ಮೇಲೆ ಓಡಿ ಬರುತ್ತದೆ, ರೇಡಾರಲ್ಲಿ ಕಾಣುವ ಗೆರೆ ಅದರದ್ದೇ. ಆ ಗೆರೆ ನಮ್ಮ ಕಡೆ ಮುಖ ಮಾಡಿದ್ದರೆ ಹೊರಗಿನ ಕುರ್ಚಿ, ಬಟ್ಟೆ ಎಲ್ಲ ಒಳಗೆ.

ಬೇಸಿಗೆಯ ಕೊನೆಯಲ್ಲಿ ನೀರು ರಾತ್ರಿಯಿಡೀ 30 ಡಿಗ್ರಿಯ ಆಸುಪಾಸಲ್ಲೇ ಇರುತ್ತದೆ. ಮೇಲೆ ಮೋಡದ ನೆತ್ತಿ ತಣಿಯುತ್ತದೆ. ಕೆಳಗೆ ಬಿಸಿ, ಮೇಲೆ ತಂಪು ಅಂದರೆ ಮೋಡ ಬೆಳೆಯುವುದಕ್ಕೆ ಅನುಕೂಲ. ಅದಕ್ಕೇ ಸಮುದ್ರದ ಮೇಲಿನ ಮಳೆ ಬೆಳಗಿನ ಜಾವವೇ ಜಾಸ್ತಿ.

ಆಗಸ್ಟ್‌ನಲ್ಲಿ ಒಂದು ರಾತ್ರಿ ಇದನ್ನೆಲ್ಲ ಲೆಕ್ಕ ಹಾಕಿ ದೋಣಿಯ ಕಿಟಕಿಗಳನ್ನೆಲ್ಲ ಮುಚ್ಚಿಸಿದೆ. ಒಳಗೆ ಬೆಂಕಿಯಂಥ ಸೆಕೆ. ಆಕಾಶದಲ್ಲಿ ಒಂದು ಮೋಡ ಇಲ್ಲ. "ಎಲ್ಲಿ ನಿಮ್ಮ ಮಳೆ?" ಅಂತ ಹೆಂಡತಿ ಹನ್ನೊಂದಕ್ಕೆ ಕೇಳಿದಳು, ಒಂದಕ್ಕೆ ಮತ್ತೆ ಕೇಳಿದಳು. ನಾಲ್ಕೂ ಮುಕ್ಕಾಲಿಗೆ ಧೋ ಅಂತ ಸುರಿಯಿತು. ಬರೀ ಆರು ನಿಮಿಷ. ನಾನು ಏನೂ ಹೇಳದೆ ಎದ್ದು ಕಿಟಕಿಗಳನ್ನೆಲ್ಲ ತೆಗೆದೆ. ಅವಳು ಆಗಲೇ ನಿದ್ದೆಹೋಗಿದ್ದಳು.