ಛಾವಣಿ ಇಲ್ಲದ ಸ್ಟ್ಯಾಂಡಿನಲ್ಲಿ

ಇಪ್ಪತ್ತೆರಡು ವರ್ಷಗಳಿಂದ ನಾನು ಛಾವಣಿ ಇಲ್ಲದ ಸ್ಟ್ಯಾಂಡಿನಲ್ಲೇ ಕುಳಿತು ಫುಟ್‌ಬಾಲ್ ನೋಡುತ್ತಿದ್ದೇನೆ. ಶುರುವಿನಲ್ಲಿ ಟಿಕೆಟ್ ಅಗ್ಗ ಎಂಬುದೊಂದೇ ಕಾರಣವಾಗಿತ್ತು. ಈಗ ಛಾವಣಿಯ ಕೆಳಗೆ ಕುಳಿತರೆ ಯಾರದೋ ಮನೆಯ ಜಗಲಿಯಲ್ಲಿ ಕುಳಿತಂತಾಗುತ್ತದೆ. ‘ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು’ ಎಂಬ ಮಾತನ್ನು ಕಟ್ಟಿದವರು ಯಾರೇ ಇರಲಿ, ಒದ್ದೆ ಸಾಕ್ಸ್ ಹಾಕಿಕೊಂಡು ಗೋಲಿಲ್ಲದ ಪಂದ್ಯದ ಎರಡನೇ ಅರ್ಧವನ್ನು ಅವರು ನೋಡಿರಲಿಕ್ಕಿಲ್ಲ. ನೀರಿಗಿಳಿದ ಮೇಲೆ ಚಳಿ ಇದ್ದೇ ಇರುತ್ತದೆ. ಅದೂ ಇಳಿದ ಅರ್ಧ ಗಂಟೆಯ ಮೇಲೆ ಬರುತ್ತದೆ.

ಮೊದಲ ಜಡಿಮಳೆಯ ಪಂದ್ಯಕ್ಕೆ ನಾನು ಹೋದದ್ದು ಹತ್ತಿಯ ಜೆರ್ಸಿ, ಜೀನ್ಸ್ ಪ್ಯಾಂಟ್, ಕ್ಯಾನ್ವಾಸ್ ಬೂಟು ಮತ್ತು ಒಂದು ದೊಡ್ಡ ಕೊಡೆಯೊಂದಿಗೆ. ನಾಲ್ಕೂ ತಪ್ಪು. ಹತ್ತಿ ನೀರನ್ನು ಹೀರಿಕೊಂಡು ಮೈಗಂಟಿ ಕುಳಿತುಬಿಡುತ್ತದೆ. ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಸರಾಗವಾಗಿ ಶಾಖವನ್ನು ಸಾಗಿಸುತ್ತದೆ, ಹಾಗಾಗಿ ಒದ್ದೆ ಬಟ್ಟೆ ಮೈಯ ಬಿಸಿಯನ್ನು ಸದ್ದಿಲ್ಲದೆ ಹೊರಗೆ ಸುರಿಯುತ್ತಿರುತ್ತದೆ. ಜೀನ್ಸ್ ಒಮ್ಮೆ ನೆನೆದರೆ ಆ ದಿನ ಒಣಗುವ ಮಾತಿಲ್ಲ. ಇನ್ನು ಕೊಡೆ. ಅದನ್ನು ಬಿಚ್ಚಿದ ಎರಡು ನಿಮಿಷದಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ನನ್ನ ಭುಜ ತಟ್ಟಿದರು. “ಸ್ವಾಮಿ, ನಿಮ್ಮ ಕೊಡೆಯ ನೀರೆಲ್ಲ ನನ್ನ ಮಡಿಲಿಗೆ ಬರುತ್ತಿದೆ. ಪಂದ್ಯವನ್ನೂ ನೀವೊಬ್ಬರೇ ನೋಡುತ್ತೀರಾ?” ಎಂದು ಕೇಳಿದರು. ಅಂದು ಮಡಚಿದ ಕೊಡೆಯನ್ನು ಕ್ರೀಡಾಂಗಣದಲ್ಲಿ ಮತ್ತೆ ಬಿಚ್ಚಿಲ್ಲ. ಬಹಳಷ್ಟು ಕ್ರೀಡಾಂಗಣಗಳಲ್ಲಿ ಈಗ ಕೊಡೆಯನ್ನು ಗೇಟಿನಲ್ಲೇ ಇರಿಸಿಕೊಳ್ಳುತ್ತಾರೆ. ಒಳ್ಳೆಯದೇ.

ಕೊಡೆಯ ಬದಲು ರೇನ್‌ಕೋಟ್ ಎನ್ನುವುದು ಸುಲಭ. ಗೇಟಿನ ಹೊರಗೆ ಸಿಗುವ ತೆಳು ಪ್ಲಾಸ್ಟಿಕ್ಕಿನ ನಿಲುವಂಗಿ ಮೊದಲ ಕಾರ್ನರ್ ಕಿಕ್‌ ಬರುವಷ್ಟರಲ್ಲಿ ಕಂಕುಳಲ್ಲಿ ಹರಿದಿರುತ್ತದೆ. ದಪ್ಪನೆಯ, ಮೊಣಕಾಲಿನ ಕೆಳಗಿನವರೆಗೆ ಬರುವ ಕೋಟು ಬೇಕು. ಅದರಲ್ಲೂ ಒಂದು ಸಮಸ್ಯೆಯಿದೆ, ಅದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಕೈಕಟ್ಟಿ ಕುಳಿತಾಗ ತೋಳಿನ ಮಡಿಕೆಯಲ್ಲಿ ನೀರು ನಿಲ್ಲುತ್ತದೆ. ಗೋಲಾಯಿತೆಂದು ಎರಡೂ ಕೈ ಮೇಲೆತ್ತಿದಿರೋ, ಆ ನೀರಷ್ಟೂ ಮಣಿಕಟ್ಟಿನಿಂದ ಒಳನುಗ್ಗಿ, ಮೊಣಕೈ ದಾಟಿ, ಕಂಕುಳಿಗೆ ಇಳಿದು, ಪಕ್ಕೆಯ ಮೇಲೆ ತಣ್ಣನೆಯ ಗೆರೆ ಎಳೆಯುತ್ತದೆ. ನಮ್ಮ ತಂಡ ಗೋಲು ಹೊಡೆದ ಸಂತೋಷದಲ್ಲಿ ನಾನು ಕಿರುಚಿದ್ದು ಎಷ್ಟೋ, ಈ ನೀರಿಗೆ ಕಿರುಚಿದ್ದು ಎಷ್ಟೋ. ಈಗ ಎರಡೂ ಮಣಿಕಟ್ಟಿಗೆ ಅಗಲವಾದ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತೇನೆ. ನೋಡಲು ಚೆನ್ನಾಗಿಲ್ಲ. ನೀರು ಒಳಗೆ ಬರುವುದಿಲ್ಲ.

ಕೋಟಿನ ಒಳಗೆ ಮೈಗೆ ತಾಗುವಂತೆ ತೆಳ್ಳಗಿನ ಉಣ್ಣೆಯ ಬನಿಯನ್. ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗಿರುತ್ತದೆ. ಜೆರ್ಸಿ ಅದರ ಮೇಲೆ. ಜೆರ್ಸಿ ಹೊರಗೆ ಕಾಣಬೇಕು ಎಂಬ ಹಟ ನನಗೂ ಇತ್ತು, ಒಂದು ಜ್ವರದ ನಂತರ ಬಿಟ್ಟಿತು.

ಆದರೆ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಕಾಲಿನ ವಿಷಯದಲ್ಲಿ. ಮಳೆ ಮೇಲಿನಿಂದ ಬರುತ್ತದೆ, ಚಳಿ ಕೆಳಗಿನಿಂದ ಬರುತ್ತದೆ. ಕಾಂಕ್ರೀಟ್ ಮೆಟ್ಟಿಲು ಪಾದದ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಮೊದಲು ರಟ್ಟಿನ ತುಂಡು ಹಾಸಿ ಅದರ ಮೇಲೆ ಪಾದವಿಡುತ್ತಿದ್ದೆ. ಒಣ ಚಳಿಯಲ್ಲಿ ಅದು ಬಹಳ ಒಳ್ಳೆಯ ಉಪಾಯ. ಮಳೆಯಲ್ಲಿ ಮಾತ್ರ ಇಪ್ಪತ್ತು ನಿಮಿಷಕ್ಕೆ ಅಂಬಲಿಯಾಗಿ ಬೂಟಿಗೆ ಮೆತ್ತಿಕೊಳ್ಳುತ್ತದೆ. ಈಗ ವ್ಯಾಯಾಮದ ಹಳೆಯ ಫೋಮ್ ಚಾಪೆಯನ್ನು ಕತ್ತರಿಸಿ ಎರಡು ತುಂಡು ಮಾಡಿಟ್ಟುಕೊಂಡಿದ್ದೇನೆ. ಒಂದು ಕಾಲಡಿಗೆ, ಇನ್ನೊಂದು ಕುಳಿತುಕೊಳ್ಳಲು. ಪ್ಲಾಸ್ಟಿಕ್ ಕುರ್ಚಿಯ ನಡುವಿನ ತಗ್ಗಿನಲ್ಲಿ ಯಾವಾಗಲೂ ಒಂದು ಸಣ್ಣ ಕೆರೆ ಇರುತ್ತದೆ, ಎಷ್ಟು ಒರೆಸಿದರೂ. ಬೂಟಿನೊಳಗೆ ಸಾಕ್ಸ್, ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಬೂಟು. ಪಾದ ಬೆವರುತ್ತದೆ ನಿಜ, ಆದರೆ ಎರಡು ಗಂಟೆಯ ಮಟ್ಟಿಗೆ ಬೆವರಿನ ಒದ್ದೆ ಮಳೆಯ ಒದ್ದೆಗಿಂತ ಬೆಚ್ಚಗಿರುತ್ತದೆ. ವಿರಾಮದಲ್ಲಿ ಸಾಕ್ಸ್ ಬದಲಾಯಿಸುತ್ತೇನೆ. ಸುತ್ತಲಿನವರು ನಗುತ್ತಾರೆ. 70ನೇ ನಿಮಿಷದ ಹೊತ್ತಿಗೆ ಅವರಲ್ಲೇ ಒಬ್ಬರು “ಇನ್ನೊಂದು ಜೊತೆ ಇದೆಯೇ?” ಎಂದು ಕೇಳುತ್ತಾರೆ.

ಮೊಬೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ಗೇಟಿನ ಮುಂದೆ ಸಾಲು ಬೆಳೆಯುತ್ತಿರುವಾಗ ಟಿಕೆಟ್ ತೆರೆದುಕೊಳ್ಳುವುದಿಲ್ಲ. ಮನೆಯಲ್ಲೇ ಟಿಕೆಟ್ ತೆರೆದು, ಬೆಳಕು ಹೆಚ್ಚಿಸಿ, ಪಾರದರ್ಶಕ ಜಿಪ್ ಚೀಲಕ್ಕೆ ಹಾಕಿಬಿಡಿ. ಚೀಲದ ಹೊರಗಿನಿಂದಲೇ ಸ್ಕ್ಯಾನ್ ಆಗುತ್ತದೆ.

ಇಷ್ಟೆಲ್ಲ ಮಾಡಿಕೊಂಡರೆ ಎಂಥ ಧಾರಾಕಾರ ಮಳೆಯಲ್ಲೂ ಆಟ ನಡೆಯುತ್ತಿರುವವರೆಗೆ ಕಷ್ಟವೇನಿಲ್ಲ. ಕೂಗುತ್ತೀರಿ, ಏಳುತ್ತೀರಿ, ಮೈ ಬಿಸಿಯಾಗಿರುತ್ತದೆ. ನಿಜವಾದ ಪರೀಕ್ಷೆ ಆಟ ನಿಂತಾಗ. ನಾನು ಕಲಿತ ಮಟ್ಟಿಗೆ ಮಳೆಯಲ್ಲಿ ಪಂದ್ಯ ನೋಡುವುದೆಂದರೆ ಮುಖ್ಯವಾಗಿ ಕಾಯುವುದು.

ಆಟ ನಿಲ್ಲಲಿದೆ ಎಂಬುದನ್ನು ಮೈದಾನ ಮೊದಲೇ ಹೇಳುತ್ತದೆ. ಪಾಸ್ ಕೊಟ್ಟ ಚೆಂಡು ಉರುಳುತ್ತ ಹೋಗಿ ನಡುವೆ ಒಂದೆಡೆ ಥಟ್ಟನೆ ಕುಳಿತುಬಿಡುತ್ತದೆ, ಓಡಿ ಬಂದವನು ಅದನ್ನು ದಾಟಿ ಜಾರಿ ಹೋಗುತ್ತಾನೆ. ಮೊದಲ ಸಲ ಎಲ್ಲರೂ ನಗುತ್ತಾರೆ. ಮೂರನೆಯ ಸಲ ಯಾರೂ ನಗುವುದಿಲ್ಲ. ಆಮೇಲೆ ರೆಫರಿ ಚೆಂಡನ್ನು ಸೊಂಟದ ಎತ್ತರದಿಂದ ಬಿಟ್ಟು ನೋಡುತ್ತಾರೆ. ಪುಟಿಯಿತೋ, ಆಟ. ಪಚಕ್ ಎಂದಿತೋ, ಕಾಯಬೇಕು. ನಿಲ್ಲಿಸುವುದು, ಮುಂದುವರಿಸುವುದು, ರದ್ದು ಮಾಡುವುದು ಎಲ್ಲ ಅವರೊಬ್ಬರ ಕೈಯಲ್ಲಿದೆ.

2000ನೇ ಇಸವಿಯ ಮೇ 14ರಂದು ಪೆರೂಜಾದಲ್ಲಿ ಇಟಲಿಯ ಲೀಗಿನ ಕೊನೆಯ ದಿನ ಹೀಗೇ ಆಯಿತು. ಯುವೆಂಟಸ್ ಗೆದ್ದರೆ ಪ್ರಶಸ್ತಿ ಅವರದೇ. ವಿರಾಮದ ಹೊತ್ತಿಗೆ ಮೈದಾನ ಕೆರೆಯಾಯಿತು. ರೆಫರಿ ಕೊಲೀನಾ ಒಂದು ಗಂಟೆಗೂ ಹೆಚ್ಚು ಕಾಲ ಕಾಯಿಸಿ, ಮತ್ತೆ ಮತ್ತೆ ಬಂದು ಚೆಂಡು ಪುಟಿಸಿ ನೋಡಿ, ಕೊನೆಗೆ ಆಡಿಸಿದರು. ಕಲೋರಿ ಹೊಡೆದ ಒಂದು ಗೋಲಿನಿಂದ ಪೆರೂಜಾ ಗೆದ್ದಿತು. ಅತ್ತ ರೋಮ್‌ನಲ್ಲಿ ತಮ್ಮ ಪಂದ್ಯವನ್ನು ಯಾವಾಗಲೋ ಮುಗಿಸಿ, ಗೆದ್ದು, ಪ್ರಶಸ್ತಿಯ ಪೈಪೋಟಿಯಲ್ಲಿದ್ದ ಲಾಜಿಯೋ ತಂಡದ ಅಭಿಮಾನಿಗಳು ಮನೆಗೆ ಹೋಗದೆ ರೇಡಿಯೋಗೆ ಕಿವಿಯಿಟ್ಟು ಕಾಯುತ್ತಿದ್ದರು. ಬೇರೆ ಊರಿನ ಮಳೆ ನಿಲ್ಲಲಿ ಎಂದು ಕಾದು ಲೀಗ್ ಪ್ರಶಸ್ತಿ ಪಡೆದವರು ಅವರು. ಆ ದಿನ ನೆನೆಯದೆಯೇ ಮಳೆಯಲ್ಲಿ ಕಾದ ಜನ ಎಂದರೆ ಅವರೇ ಇರಬೇಕು.

ಎಲ್ಲ ಕಾಯುವಿಕೆಗೂ ಅಂಥ ಫಲ ಸಿಗುವುದಿಲ್ಲ. 2012ರ ಅಕ್ಟೋಬರ್ 16ರಂದು ವಾರ್ಸಾದಲ್ಲಿ ಪೋಲೆಂಡ್–ಇಂಗ್ಲೆಂಡ್ ಪಂದ್ಯಕ್ಕೆ ಬಂದವರ ತಲೆಯ ಮೇಲೆ ಮುಚ್ಚಬಹುದಾದ ಛಾವಣಿಯೇ ಇತ್ತು. ಅದನ್ನು ಮುಚ್ಚಿರಲಿಲ್ಲ, ಮಳೆ ಹಿಡಿದ ಮೇಲೆ ಮುಚ್ಚುವಂತೆಯೂ ಇರಲಿಲ್ಲ. ಪಂದ್ಯ ಮರುದಿನಕ್ಕೆ ಹೋಯಿತು, 1–1ರಲ್ಲಿ ಮುಗಿಯಿತು. ಆ ಸಂಜೆ ಜನರಿಗೆ ಸಿಕ್ಕ ಮನರಂಜನೆ ಎಂದರೆ ಮೈದಾನಕ್ಕೆ ನುಗ್ಗಿ ನೀರಿನ ಮೇಲೆ ಹೊಟ್ಟೆಯಲ್ಲಿ ಜಾರಿದವರು ಮತ್ತು ಅವರನ್ನು ಹಿಡಿಯಲು ಹೋದ ಸಿಬ್ಬಂದಿ. ನಾನು ಅಲ್ಲಿದ್ದಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ, ತೋಳಿನ ನೀರು ಎಲ್ಲಿಗೆ ಬೇಕಾದರೂ ಹೋಗಲಿ.

ಇನ್ನೊಂದು ರೀತಿಯ ಬೇಸರವೂ ಇದೆ. 1974ರ ವಿಶ್ವಕಪ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಪಶ್ಚಿಮ ಜರ್ಮನಿ–ಪೋಲೆಂಡ್ ಪಂದ್ಯಕ್ಕೆ ಮೊದಲು ಅಗ್ನಿಶಾಮಕ ದಳದವರು ಪಂಪು ತಂದು ಮೈದಾನದ ನೀರು ಹೊರಹಾಕಿದರು. ಆದರೂ ಆ ಕೆಸರಿನಲ್ಲಿ ವೇಗವನ್ನೇ ನಂಬಿದ್ದ ಪೋಲೆಂಡಿನ ಆಟ ಸಿಕ್ಕಿಕೊಂಡಿತು. ಗೆರ್ಡ್ ಮುಲ್ಲರ್ ಒಂದು ಗೋಲು ಹೊಡೆದರು, ಜರ್ಮನಿ ಫೈನಲ್‌ಗೆ ಹೋಯಿತು. ಮಳೆ ಎರಡೂ ತಂಡಕ್ಕೂ ಸಮ ಎನ್ನುವವರಿಗೆ ನಾನು ಈ ಪಂದ್ಯವನ್ನು ನೆನಪಿಸುತ್ತೇನೆ. ಮಳೆ ಸಮವೇ, ಮೈದಾನದ ನೀರು ಸಮವಲ್ಲ.

ಕಾಯುವಾಗ ನಾನು ಕೂರುವುದಿಲ್ಲ. ಐದು ನಿಮಿಷಕ್ಕೊಮ್ಮೆ ಮೆಟ್ಟಿಲು ಹತ್ತಿ ಇಳಿಯುತ್ತೇನೆ, ಬೂಟಿನೊಳಗೆ ಬೆರಳಾಡಿಸುತ್ತೇನೆ, ಏನಾದರೂ ಬಿಸಿ ಸಿಕ್ಕರೆ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತೇನೆ. ಎಷ್ಟು ಹೊತ್ತು ಎಂಬುದು ಗೊತ್ತಿದ್ದರೆ ಮನುಷ್ಯ ಎಷ್ಟು ಬೇಕಾದರೂ ಕಾಯುತ್ತಾನೆ. ಪರಸ್ಥಳದ ಪಂದ್ಯವೊಂದರಲ್ಲಿ ನಮ್ಮನ್ನು ನಲವತ್ತು ನಿಮಿಷ ಬಯಲಲ್ಲೇ ಕೂರಿಸಿದ್ದರು, ಧ್ವನಿವರ್ಧಕದಲ್ಲಿ ಒಂದೇ ಒಂದು ಮಾತು ಬರಲಿಲ್ಲ. ಹಾಡು ಮಾತ್ರ ಹಾಕಿದ್ದರು. ಆ ದಿನದ ಮಳೆ ಮರೆತಿದ್ದೇನೆ, ಆ ಹಾಡುಗಳನ್ನು ಮರೆತಿಲ್ಲ.

ಮಿಂಚಿನ ವಿಷಯದಲ್ಲಿ ಮಾತ್ರ ನನ್ನ ಬಳಿ ತಮಾಷೆಯಿಲ್ಲ. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡುತ್ತೇನೆ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ಯಾರು ಹೇಳಲಿ ಬಿಡಲಿ, ನಾನು ಸ್ಟ್ಯಾಂಡಿನ ಕೆಳಗಿನ ಕಟ್ಟಡದೊಳಕ್ಕೆ ಹೋಗುತ್ತೇನೆ. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಹೊರಬರುವುದಿಲ್ಲ. ನಡುವೆ ಮತ್ತೊಮ್ಮೆ ಗುಡುಗಿದರೆ ಲೆಕ್ಕ ಮೊದಲಿನಿಂದ. 2025ರ ಜೂನ್ 28ರಂದು ಅಮೆರಿಕದ ಷಾರ್ಲೆಟ್‌ನಲ್ಲಿ ಚೆಲ್ಸಿ–ಬೆನ್ಫಿಕಾ ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಇಂಥದೇ ನಿಯಮದಿಂದ ಸುಮಾರು ಎರಡು ಗಂಟೆ ನಿಂತಿತ್ತು. ಚೆಲ್ಸಿ 1–0 ಮುಂದಿತ್ತು. ಇನ್ನೇನು ಮುಗಿಯಿತು ಎಂದು ಎದ್ದು ಹೋದವರು ಬೆನ್ಫಿಕಾದ ಡಿ ಮರಿಯಾ ಸಮಬಲ ತಂದ ಪೆನಾಲ್ಟಿಯನ್ನೂ, ಹೆಚ್ಚುವರಿ ಅವಧಿಯಲ್ಲಿ ಬಂದ ಚೆಲ್ಸಿಯ ಮೂರು ಗೋಲುಗಳನ್ನೂ ಕಳೆದುಕೊಂಡರು. ಆದರೂ ಎದ್ದು ಹೋದವರನ್ನು ನಾನು ಮೂದಲಿಸಲಾರೆ.

ಒಳಗೆ ಹೋಗುವಾಗಲೂ ಓಡುವುದಿಲ್ಲ. 1988ರ ಮಾರ್ಚ್ 12ರಂದು ಕಠ್ಮಂಡುವಿನ ದಶರಥ ಕ್ರೀಡಾಂಗಣದಲ್ಲಿ ಪಂದ್ಯದ ನಡುವೆ ಆಲಿಕಲ್ಲು ಮಳೆ ಸುರಿಯಿತು. ತಪ್ಪಿಸಿಕೊಳ್ಳಲು ಜನ ಬಾಗಿಲುಗಳತ್ತ ನುಗ್ಗಿದರು. ಬಾಗಿಲುಗಳಿಗೆ ಬೀಗ ಹಾಕಿತ್ತು. ನೂಕುನುಗ್ಗಲಿನಲ್ಲಿ 70ಕ್ಕೂ ಹೆಚ್ಚು ಜನ ಸತ್ತರು. ಇದನ್ನು ಓದಿದಂದಿನಿಂದ ಹೊಸ ಕ್ರೀಡಾಂಗಣಕ್ಕೆ ಹೋದರೆ ಕುರ್ಚಿ ಹುಡುಕುವ ಮೊದಲು ಬಾಗಿಲು ನೋಡುತ್ತೇನೆ. ತೆರೆದಿದೆಯೇ, ಅಲ್ಲಿಗೆ ಎಷ್ಟು ಮೆಟ್ಟಿಲು, ಎರಡನೆಯದು ಎಲ್ಲಿದೆ. ಮಳೆ ಜೋರಾದಾಗ ಎಲ್ಲರೂ ಹತ್ತಿರದ ಬಾಗಿಲಿಗೇ ಹೋಗುತ್ತಾರೆ. ನಾನು ಎರಡನೆಯದಕ್ಕೆ ಹೋಗುತ್ತೇನೆ, ಇನ್ನಷ್ಟು ನೆನೆದರೂ ಚಿಂತೆಯಿಲ್ಲ.

ಛಾವಣಿ ಇರುವ ಕಡೆಯ ಟಿಕೆಟ್ ಕೊಂಡವರಿಗೂ ಒಂದು ಮಾತು. ಗಾಳಿಯಿದ್ದರೆ ಮುಂದಿನ ಹತ್ತು ಸಾಲು ಬಯಲಿದ್ದಂತೆಯೇ. 2024ರ ಯೂರೋದಲ್ಲಿ ಡಾರ್ಟ್‌ಮುಂಡ್ ಕ್ರೀಡಾಂಗಣದ ಛಾವಣಿಯ ಅಂಚಿನಿಂದ ನೀರು ಜಲಪಾತದಂತೆ ಸುರಿದದ್ದನ್ನು ಟಿ.ವಿ.ಯಲ್ಲಿ ನೀವೂ ನೋಡಿರಬಹುದು. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಆ ಅಂಚಿನ ನೇರ ಕೆಳಗಿನ ಸಾಲು ಯಾವುದೆಂದು ನೋಡಿಕೊಂಡು ಕುರ್ಚಿ ಆರಿಸಿ.

ಮೂರು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಹೋಗಿದ್ದೆ, ಆಗ ಅವಳಿಗೆ ಹನ್ನೊಂದು. ಅವಳ ಕೋಟು, ಸಾಕ್ಸ್, ಫೋಮ್ ತುಂಡು ಎಲ್ಲ ಸರಿಯಾಗಿತ್ತು. ವಿರಾಮದ ನಂತರ ಅವಳು ಕೂಗುವುದು ನಿಲ್ಲಿಸಿದಳು. ನಾನು ಆಟದಲ್ಲಿ ಮುಳುಗಿದ್ದೆ. ನಮ್ಮ ತಂಡ 1–2ರಲ್ಲಿ ಹಿಂದಿತ್ತು, ಒತ್ತಡ ಹಾಕುತ್ತಿತ್ತು. ತಿರುಗಿ ನೋಡಿದಾಗ ಅವಳು ಕೋಟಿನ ಜಿಪ್ ಎಳೆಯಲು ಪ್ರಯತ್ನಿಸುತ್ತಿದ್ದಳು. ಬೆರಳು ಜಿಪ್ಪಿನ ತುದಿಯನ್ನು ಹಿಡಿಯುತ್ತಿರಲಿಲ್ಲ, ಜಾರುತ್ತಿತ್ತು. ಮತ್ತೆ ಹಿಡಿದಳು, ಮತ್ತೆ ಜಾರಿತು. “ಚಳಿಯಾ ಮಗಳೇ?” ಎಂದೆ. “ಇಲ್ಲಪ್ಪ” ಎಂದಳು, ಮಾತು ಸ್ವಲ್ಪ ತೊದಲುತ್ತಿತ್ತು. ನಡುಕಕ್ಕೆ ನಾನು ಹೆದರುವುದಿಲ್ಲ, ಮೈ ತನ್ನ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತೇನೆ. ಬೆರಳು ಮಾತು ಕೇಳದಿದ್ದರೆ, ನಾಲಗೆ ತೊದಲಿದರೆ ಆಟ ಮುಗಿಯಿತು. ಚೀಲದಲ್ಲಿದ್ದ ಟವೆಲ್ ಮತ್ತು ಒಣ ಅಂಗಿಯೊಂದಿಗೆ ಅವಳನ್ನು ಒಳಗೆ ಕರೆದುಕೊಂಡು ಹೋದೆ. ಬಟ್ಟೆ ಬದಲಾಯಿಸಿ, ಬಿಸಿ ಕುಡಿದು, ಅವಳ ಬೆರಳಿಗೆ ಬಣ್ಣ ಬರುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಅಂದಿನಿಂದ ಯಾರು ಜೊತೆಗೆ ಬಂದರೂ ಹದಿನೈದು ನಿಮಿಷಕ್ಕೊಮ್ಮೆ “ಜಿಪ್ ಎಳೆದು ತೋರಿಸು” ಎನ್ನುತ್ತೇನೆ. ಮಗಳು ಈಗ ನನಗೇ ಅದನ್ನು ಹೇಳುತ್ತಾಳೆ.

ಬಿಸಿಲಿನ ಕಥೆ ಬೇರೆ, ಅದಕ್ಕೆ ಇನ್ನೊಂದು ಲೇಖನ ಬೇಕು. 2014ರ ವಿಶ್ವಕಪ್‌ನಿಂದ ಈಚೆಗೆ ಆಟಗಾರರಿಗೆ ನೀರು ಕುಡಿಯಲು ಆಟ ನಿಲ್ಲಿಸುವುದನ್ನು ನೋಡುತ್ತಿದ್ದೇವೆ. ಸ್ಟ್ಯಾಂಡಿನಲ್ಲಿ ಕುಳಿತವರೂ ಆಗಲೇ ಕುಡಿಯಬೇಕು ಎಂಬುದಷ್ಟನ್ನು ಸದ್ಯಕ್ಕೆ ಹೇಳಿ ಬಿಡುತ್ತೇನೆ.

ಮನೆಗೆ ಬಂದ ಮೇಲಿನ ಕೆಲಸ ಬೂಟಿನದು. ಬೆಂಕಿಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ, ಚರ್ಮ ಸೀಳುತ್ತದೆ. ಒಳಗಿನ ಅಟ್ಟೆಯನ್ನು ತೆಗೆದು ಬೇರೆ ಒಣಗಿಸಿ, ಬೂಟಿನೊಳಗೆ ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತುಂಬುತ್ತೇನೆ, ಎರಡು ಗಂಟೆಗೊಮ್ಮೆ ಬದಲಾಯಿಸುತ್ತೇನೆ. ಬೆಳಗಿನ ಹೊತ್ತಿಗೆ ಹಳೆಯ ಪತ್ರಿಕೆ ಮುಗಿದು ಆ ದಿನದ್ದೇ ಕೈಗೆ ಬರುತ್ತದೆ. ಗೆದ್ದಿದ್ದರೆ ಕ್ರೀಡಾಪುಟವನ್ನು ಪಕ್ಕಕ್ಕೆ ಇಟ್ಟುಕೊಂಡು ಉಳಿದದ್ದನ್ನು ತುರುಕುತ್ತೇನೆ. ಸೋತಿದ್ದರೆ ಅದೇ ಪುಟ ಮೊದಲು ಒಳಗೆ ಹೋಗುತ್ತದೆ.