ಅಡಿಕೆ ತೋಟವನ್ನು ಹೆಡ್‌ಸೆಟ್ಟಿಗೆ ತುಂಬಿದ್ದು

"ಕೈ ಬಾರದವನಿಗೆ ವಿಡಿಯೋ ಗೇಮಾ ಮಾರಾಯ?" ಅಂತ ನನ್ನ ಜೊತೆ ಓದಿದವರೇ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಸೆಟ್ಟಿಂಗ್ ಕೇಳುತ್ತಾರೆ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್. ನಮ್ಮಲ್ಲಿಗೆ ತಲೆಗೆ ಪೆಟ್ಟು ಅಂತ ಬರುವವರು ಒಂದೋ ಬೈಕಿನಿಂದ ಬಿದ್ದವರು, ಇಲ್ಲವೋ ಮರದಿಂದ. ಇವರು ಮರದವರು, ಅಡಿಕೆ ಕೊಯ್ಯುವ ಅಣ್ಣ. ಆರು ತಿಂಗಳಾದರೂ ಬಲಗೈ ಹೊಟ್ಟೆಗೆ ಅಂಟಿಕೊಂಡೇ ಇತ್ತು. ಸರಿಯಿರುವ ಕೈಯ ಪ್ರತಿಬಿಂಬವನ್ನೇ ಬಾರದ ಕೈ ಅಂತ ಮಿದುಳಿಗೆ ನಂಬಿಸಲು ಕನ್ನಡಿ ಇಟ್ಟು ನೋಡಿದೆ, ಎರಡೇ ದಿನಕ್ಕೆ ಅವರಿಗೆ ಬೇಜಾರು.

ಬಾವ ದುಬೈಯಿಂದ ಹಳೆಯ ಕ್ವೆಸ್ಟ್ 2 ತಂದುಕೊಟ್ಟ, ಕಣ್ಣಿಗೆ ಕಟ್ಟಿಕೊಂಡರೆ ಬೇರೆಯೇ ಲೋಕ ಕಾಣಿಸುವ ವಿಆರ್ ಹೆಡ್‌ಸೆಟ್, ಹತ್ತಿರ ಹತ್ತಿರ 20 ಸಾವಿರ. ಅದರಲ್ಲಿದ್ದ ಚೆಂಡು ಹೊಡೆಯುವ ಆಟ ಹಾಕಿದೆ. ಐದು ನಿಮಿಷಕ್ಕೆ ವಾಂತಿ. ಬಿಗಿದ ಮುಷ್ಟಿಯನ್ನು ಹೆಡ್‌ಸೆಟ್ಟಿನ ಕ್ಯಾಮೆರಾ ಕೈ ಅಂತ ಗುರುತಿಸುವುದೂ ಇಲ್ಲ. ಕಂಟ್ರೋಲರನ್ನು ಕ್ರೇಪ್ ಬ್ಯಾಂಡೇಜಿನಲ್ಲಿ ಮಣಿಕಟ್ಟಿಗೆ ಕಟ್ಟಿದೆ. ಭುಜ ನೋವು ಶುರುವಾಯಿತು. ಕೊನೆಗೆ ಸೈಕಲ್ ಟ್ಯೂಬಿನಲ್ಲಿ ಮೊಣಕೈಯನ್ನು ಮಾಡಿನ ಕೊಕ್ಕೆಗೆ ತೂಗುಹಾಕಿದೆ, ಭಾರ ಇಳಿಯಿತು. ಮೂರು ಸಾವಿರ ಕೊಟ್ಟು ತರಿಸಿದ್ದ ಸ್ಲಿಂಗ್ ಸುಮ್ನೆ ಕಪಾಟಿನಲ್ಲಿ ಬಿದ್ದಿದೆ.

ಅಕ್ಕನ ಮಗ ಯೂನಿಟಿ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರಿನಲ್ಲಿ ಒಂದು ಅಡಿಕೆ ತೋಟ ಮಾಡಿಕೊಟ್ಟ. ಗೊನೆ ಮುಟ್ಟಿದರೆ ಉದುರಬೇಕು, ಅಷ್ಟೇ. ಅಣ್ಣ ನೋಡಿದರು, ಕೈ ಎತ್ತಲಿಲ್ಲ. "ಡಾಕ್ಟ್ರೇ, ಇದು ಹಣ್ಣಾಗ್ಲಿಲ್ಲ. ಈಗ್ಲೇ ಕೊಯ್ದ್ರೆ ಧನಿಗಳು ಬೈತಾರೆ." ಹಣ್ಣಡಿಕೆ ಒಣಗಿಸಿ ಚಾಲಿ ಮಾಡುವ ಊರಲ್ವಾ! ಹಸಿರು ಕಾಯಿಗೆ ಕೇಸರಿ ಬಣ್ಣ ಹಾಕಿಸಿದ ಮೇಲೆಯೇ ಕೆಲಸ ಶುರು.

ಗುಟ್ಟು ಏನೆಂದರೆ, ನಿಜವಾದ ಕೈ ಒಂದು ಗೇಣು ಹೋದರೆ ಆಟದೊಳಗಿನ ಕೈ ಒಂದು ಮೊಳ ಹೋಗುತ್ತದೆ. ಆಮೇಲೆ ಅವರಿಗೆ ಗೊತ್ತಾಗದ ಹಾಗೆ ಆ ಹೆಚ್ಚಳವನ್ನು ಇಳಿಸುತ್ತಾ ಬರಬೇಕು. ಯಾವಾಗ, ಎಷ್ಟು ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಮಳೆಗಾಲದಲ್ಲಿ ಕರೆಂಟ್ ಹೋದರೆ ಕತ್ತಲಲ್ಲಿ ಹೆಡ್‌ಸೆಟ್ಟಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗದೆ ಟ್ರ್ಯಾಕಿಂಗ್ ತಪ್ಪುತ್ತದೆ. ಸಿಸಿಟಿವಿಗೆ ಹಾಕುವ ಇನ್‌ಫ್ರಾರೆಡ್ ದೀಪವನ್ನು ಬ್ಯಾಟರಿಗೆ ಸಿಕ್ಕಿಸಿದೆ, ಸರಿಹೋಯಿತು. ಹೆಡ್‌ಸೆಟ್ ಮೂಗಿನ ಮೇಲೆ ಜಾರುತ್ತಿದ್ದುದಕ್ಕೆ ತೂಕ ಸರಿಹೋಗಲಿ ಅಂತ ಹಿಂದೆ ಪವರ್ ಬ್ಯಾಂಕ್ ಕಟ್ಟಿದೆ. ತಲೆಗಿಡುವ ಹಾಳೆಯ ಮುಟ್ಟಾಳೆಯೇ ಇದಕ್ಕಿಂತ ಹಗುರ ಅಂತ ಅಣ್ಣನ ದೂರು. ಫಿಟ್ಸ್ ಬಂದವರಿಗೆ ಮಾತ್ರ ನಾನು ಇದನ್ನು ಹಾಕುವುದಿಲ್ಲ.

ಸುಮಾರು 40 ಸಲ ಕೂರಿಸಿರಬೇಕು. ಕೈಯ ಚಲನೆಗೆ ಅಂಕ ಕೊಡುವ ಫ್ಯೂಗಲ್-ಮೇಯರ್ ಪರೀಕ್ಷೆಯಲ್ಲಿ 66ಕ್ಕೆ 18 ಇದ್ದದ್ದು 30ರ ಆಸುಪಾಸಿಗೆ ಬಂತು. ಮಾಮೂಲಿ ವ್ಯಾಯಾಮವನ್ನೂ ಬಿಟ್ಟಿರಲಿಲ್ಲ ಅನ್ನಿ. ಈಗ ಮುಂಡು ತಾವೇ ಕಟ್ಟಿಕೊಳ್ಳುತ್ತಾರೆ. ಬೆರಳು ಬಿಡಿಸುವುದು ಇನ್ನೂ ಕಷ್ಟ. ಅಡಿಕೆ ಸುಲಿಯುವ ಆಟ ಮಾಡು ಅಂತ ಹುಡುಗನ ಬೆನ್ನು ಹಿಡಿದಿದ್ದೇನೆ. ಪರೀಕ್ಷೆ ಮುಗೀಲಿ ಮಾವ ಅಂತಾನೆ.